ಎಮ್ಮೆಯ ಗುರುತು

"ನಮ್ದಲ್ಲ ಇದು," ಎಂದಳು ಶಂಕ್ರೆವ್ವ, ಇನ್ನೂ ಹತ್ತು ಮಾರು ದೂರವಿರುವಾಗಲೇ.

ಬೀಳಗಿಯ ಹಿನ್ನೀರಿನ ಮೇಲಿಂದ ಮಂಜು ಇನ್ನೂ ಸರಿದಿರಲಿಲ್ಲ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ತಿಳಿಯದ ಹಾಗೆ ಎಲ್ಲವೂ ಒಂದೇ ಬೂದು. ಆ ಬೂದಿನ ಅಂಚಿನಲ್ಲಿ, ಜಾಲಿಯ ಕಂಟಿಗೆ ಸಿಕ್ಕು, ಒಂದು ಎಮ್ಮೆ ಮೆಲುಕು ಹಾಕುತ್ತ ಮಲಗಿದಂತೆ ಬಿದ್ದಿತ್ತು. ಗಾಳಿ ತಿರುಗಿದಾಗ ಮಾತ್ರ ವಾಸನೆ ಬಂದು ಅದು ಸತ್ತದ್ದೆಂದು ನೆನಪಿಸುತ್ತಿತ್ತು.

"ಅಕ್ಕಾರ, ಸಮೀಪ ಬಂದು ನೋಡ್ರಿ," ಎಂದರು ದನದ ಡಾಕ್ಟರು ಪ್ರಭುಲಿಂಗ, ಮೂಗಿನ ಮೇಲಿನ ಕರವಸ್ತ್ರ ಸರಿಸಿ. "ಅಷ್ಟು ದೂರಿಂದ ಏನ್ ಗುರ್ತು ಹತ್ತತೈತಿ?"

"ಆಕಿ ಹಂಗ ರೀ ಸಾಹೇಬ್ರ," ಎಂದ ಅವಳ ಗಂಡ ಶಿದ್ರಾಮಪ್ಪ. "ಕನ್ಯಾ ನೋಡಾಕ ಹೋದಾಗ ನನ್ನೂ ದೂರಿಂದ ನೋಡೇ ಒಲ್ಲೆ ಅಂದಿದ್ಲು."

ಡಾಕ್ಟರು ನಕ್ಕರು. ಶಂಕ್ರೆವ್ವ ನಗಲಿಲ್ಲ.

ಮುಧೋಳದ ಆಚೆ ಘಟಪ್ರಭೆ ಅವರ ಕೊಟ್ಟಿಗೆಗೆ ನುಗ್ಗಿದ ಸಂಜೆ, ಕುಡುಗೋಲಿನಿಂದ ತಮ್ಮ ಎಮ್ಮೆ ಕಾಡಿಗಿಯ ಹಗ್ಗ ಕೊಯ್ದು, ಬೆನ್ನು ತಟ್ಟಿ, "ಈಸಿ ಹೋಗವ್ವಾ" ಎಂದು ಕಳಿಸಿದವಳು ಅವಳೇ. ಮನೆಗೆ ಇದ್ದದ್ದು ಹಾಲು ಕರೆಯುವ ಅದೊಂದೇ ಎಮ್ಮೆ. ಅಂದಿನಿಂದ ಒಂದೇ ಮಾತು: ಎಮ್ಮಿ ನೀರಿನ ಜೀವ, ಅದೆಂಗ ಮುಳುಗತೈತಿ? ಬರುವಾಗ ಟಂಟಂ ಆಟೋದಲ್ಲಿ ಕನಸು ಹೇಳಿದ್ದಳು. ಹೊಳೆಯ ತಳದಲ್ಲಿ ಕಬ್ಬು ಹಾಗೇ ನಿಂತಿದೆಯಂತೆ, ಸಾಲುಗಳ ನಡುವೆ ಕಾಡಿಗಿ ನಿಧಾನವಾಗಿ ಮೇಯುತ್ತಿದೆಯಂತೆ, ಕೊರಳ ಗಂಟೆಯಿಂದ ಸಪ್ಪಳದ ಬದಲು ಗುಳ್ಳೆಗಳು ಏಳುತ್ತಿವೆಯಂತೆ.

"ಕಿವಿ ಮೀನ ತಿಂದಾವ. ಸರಕಾರದವ್ರು ಕಿವಿಗೆ ಹಾಕಿದ್ದ ಓಲಿ ನಂಬರ ಉಳದಿಲ್ಲ," ಎಂದರು ಡಾಕ್ಟರು. "ಮಾಲಕರು ನಮ್ದ ಅಂದ್ರಷ್ಟ ನೆರೆ ಪರಿಹಾರಕ್ಕ ಬರೀಬಹುದು. ಇವತ್ತ ಹುಗದಬಿಡ್ತೀವಿ, ನಾಳಿ ಬಂದು ಅಂದ್ರ ಆಗೂದಿಲ್ಲ. ಯಜಮಾನ್ರ, ನೀವ ಹೇಳ್ರಿ."

ಶಿದ್ರಾಮಪ್ಪ ಕೊಂಬು ನೋಡಿದ. ಎಡಗೊಂಬು ಕೆನ್ನೆಯವರೆಗೆ ಇಳಿದು, ಮನಸ್ಸು ಬದಲಿಸಿದಂತೆ ಮತ್ತೆ ಮೇಲಕ್ಕೆ ತಿರುಗಿತ್ತು. ಟಂಟಂನಿಂದ ಇಳಿಯುವಾಗಲೇ ಅವನಿಗೆ ಆ ಕೊಂಬಿನ ಗುರುತು ಹತ್ತಿತ್ತು. ಪರಿಹಾರ ಬಂದರೆ ಇನ್ನೊಂದು ಎಮ್ಮೆ, ಇಲ್ಲವಾದರೆ ಖಾಲಿ ಗೂಟ. ಅವನು ಹೆಂಡತಿಯತ್ತ ತಿರುಗಿದ. ಅವಳು ಇವನನ್ನಲ್ಲ, ಆಚೆಯ ನೀರನ್ನು ನೋಡುತ್ತಿದ್ದಳು, ಅಲ್ಲಿಂದ ಯಾರೋ ಬರಬೇಕಾದವರಿದ್ದಂತೆ.

"ಆಕಿ ಅಂದಂಗ ರೀ," ಎಂದ. "ನಮ್ದಲ್ಲ."

ಡಾಕ್ಟರು ಅವನನ್ನೇ ಸ್ವಲ್ಪ ಹೊತ್ತು ನೋಡಿ, ಗುಂಡಿ ತೋಡುವವನಿಗೆ ಕೈ ಮಾಡಿದರು.

"ತಡೀರಿ," ಎಂದಳು ಶಂಕ್ರೆವ್ವ. "ಯಾರ ಮನೀದೋ ಏನೋ. ಮಾರಿಗಿ ರಾಡಿ ಮೆತ್ತಿಕೊಂಡಿದ್ದನ್ನ ಹಂಗ ಹುಗೀತೀರೇನ?"

ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಬೊಗಸೆ ಬೊಗಸೆ ನೀರು ಹಾಕಿ ಹಣೆ ತೊಳೆದಳು, ಮೂಗಿನ ಹೊಳ್ಳೆ ತೊಳೆದಳು. ಕೊಂಬಿನ ಬುಡಕ್ಕೆ ಬಂದಾಗ ಬೆರಳುಗಳು ತಾವಾಗಿಯೇ ಅದರ ಹಿಂದೆ ಸರಿದು ಮೆಲ್ಲಗೆ ಕೆರೆದವು. ಹಾಗೆ ಕೆರೆದರೆ ಕಾಡಿಗಿ ಕತ್ತು ಚಾಚಿ, ಗದ್ದವನ್ನು ತಂದು ಅವಳ ಹೆಗಲ ಮೇಲಿಡುತ್ತಿತ್ತು. ಕೆರೆದ ಕೈ ಅಲ್ಲೇ ನಿಂತಿತು. ಹೆಗಲು ಒಂದಿಷ್ಟು ಬಾಗಿ ಕಾಯಿತು.

ದೂರದಲ್ಲಿ ಒಂದು ಬೆಳ್ಳಕ್ಕಿ ಮಂಜಿನೊಳಗಿಂದ ಬಂದು ಮಂಜಿನೊಳಗೇ ಹೋಯಿತು.

"ಬರಕೋರಿ ಸಾಹೇಬ್ರ," ಎಂದಳು, ತಲೆ ಎತ್ತದೆ.

"ಏನಂತ ರೀ ಅಕ್ಕಾರ?"

"ನಮ್ಮ ಕಾಡಿಗಿ."

ಶಿದ್ರಾಮಪ್ಪ ಚಪ್ಪಲಿ ಬಿಟ್ಟು ಅವಳ ಪಕ್ಕದಲ್ಲಿ ನೀರಿಗಿಳಿದ. ಡಾಕ್ಟರು ಮೊಬೈಲು ತೆಗೆದರು. "ಫೋಟೋದಾಗ ಮಾಲಕರ ಮಾರಿ ಕಾಣಬೇಕ್ರಿ. ಅಕ್ಕಾರ, ಒಂದ್ ಸಲ ಇತ್ತಾಗ ನೋಡ್ರಿ."

ಅವಳು ನೋಡಲಿಲ್ಲ. ಸೆರಗಿನ ತುದಿಯಿಂದ ಎಮ್ಮೆಯ ಕಣ್ಣ ಮೇಲಿನ ನೊಣಗಳನ್ನು ಓಡಿಸುತ್ತಿದ್ದಳು. ಅವು ಏಳುತ್ತಿದ್ದವು, ಮತ್ತೆ ಕೂರುತ್ತಿದ್ದವು. ಡಾಕ್ಟರು ಮೊಬೈಲು ಕೆಳಗಿಳಿಸಿ, ಕಾಯುತ್ತ ನಿಂತರು.