ಗಟ್ಟಿ ಹೊಲಿಗೆಯವಳ ಹಳದಿ ಹೂವು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಗಟ್ಟಿ ಹೊಲಿಗೆಯವಳು ಎಂದೇ ಕರೆಯುತ್ತಿದ್ದರು. ಬಟ್ಟೆ ಹರಿದೀತೇ ಹೊರತು ಅವಳು ಹಾಕಿದ ಗುಂಡಿ ಕಿತ್ತು ಬರುತ್ತಿರಲಿಲ್ಲ. ಗಂಡ ಬೆಟ್ಟದ ಕಾಡಿನ ಕಾವಲುಗಾರ. ಸಂಜೆ ಮನೆಗೆ ಬಂದರೆ ಗಿಡ, ಹಕ್ಕಿ ಅಂತ ಅವನ ಪುರಾಣ ಶುರು. ಅವಳು ಮಷಿನ್ ತುಳಿಯುತ್ತಲೇ ಹೂಂಗುಟ್ಟುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅವನು ಕುರುಚಲು ಪೊದೆಗಳ ನಡುವಿನಿಂದ ಹಳದಿ ಹೂವಿನ ಗಿಡವೊಂದನ್ನು ಬೇರು, ಮಣ್ಣು ಸಮೇತ ಊಟದ ಡಬ್ಬಿಯಲ್ಲಿ ತಂದು ಕುಂಡದಲ್ಲಿ ನೆಟ್ಟ. ಅದೇ ವಾರ ಎದೆನೋವು ಬಂದು ಹೋಗಿಬಿಟ್ಟ. ಹೂವು ಬಾಡಿ ಎಲೆ ಒಣಗತೊಡಗಿದಾಗ ಅವಳ ಜೀವ ಬಾಯಿಗೆ ಬಂತು. ಅವನು ಕೊನೆಗೆ ತಂದದ್ದು ಅದೊಂದೇ. ಅವಳಿಗೆ ಗೊತ್ತಿದ್ದ ಉಪಾಯವೂ ಒಂದೇ. ತೆಳ್ಳನೆಯ ಬಟ್ಟೆಯಲ್ಲಿ ಗವಸು ಹೊಲಿದು ಗಿಡಕ್ಕೆ ತೊಡಿಸಿ, ಒಂದೆಸಳೂ ಕೆಳಗೆ ಬೀಳದಂತೆ ಬುಡದಲ್ಲಿ ಎರಡೆರಡು ಸಲ ಹೊಲಿಗೆ ಹಾಕಿದಳು.

ನೋಡಿಕೊಂಡು ಹೋಗಲು ಬಂದ ನಾದಿನಿ ಕುಂಡದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅತ್ತಿಗೆ, ಇದಕ್ಕೇನು ಚಳಿಯಾ?”

“ಸಾಯ್ತಿದೆ ಕಣೇ. ಉಳಿಸ್ಕೋತಿದ್ದೀನಿ.”

“ಇದು ಒಂದೇ ವರ್ಷದ ಗಿಡ. ಬೀಜ ಮಣ್ಣಿಗೆ ಬಿದ್ದು, ಚಳಿ ತಿಂದ್ರೇನೇ ಮತ್ತೆ ಹುಟ್ಟೋದು. ನೀವು ನೋಡಿದ್ರೆ ಬೀಳೋಕೇ ಬಿಟ್ಟಿಲ್ಲ!”

“ನಿನಗ್ಯಾರು ಹೇಳಿದ್ದು?”

“ಅಣ್ಣ. ನಿಮಗೂ ಹೇಳಿರ್ತಾನೆ. ಮಷಿನ್ ಸದ್ದಲ್ಲಿ ಕೇಳಿಸಿರಲ್ಲ.”

ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಅದರಲ್ಲಿ ಸುಳ್ಳೇನಿತ್ತು?

ನಾದಿನಿ ಹೋದ ಮೇಲೆ ಕತ್ತರಿ ಹಿಡಿದು ಕೂತಳು. ಬಿಚ್ಚಿದರೆ ಅವನು ತಂದದ್ದೆಲ್ಲ ಪುಡಿಪುಡಿಯಾಗಿ ಮಣ್ಣು ಸೇರುತ್ತದೆ. ಮತ್ತೆ ಹುಟ್ಟದಿದ್ದರೆ? ಕೊನೆಗೆ ಒಂದೊಂದೇ ಹೊಲಿಗೆ ಕತ್ತರಿಸತೊಡಗಿದಳು. ತನ್ನ ಹೊಲಿಗೆ ಅಷ್ಟೊಂದು ಗಟ್ಟಿಯೆಂದು ಅವಳಿಗೆ ತಿಳಿದದ್ದೇ ಅವತ್ತು. ಗವಸಿನ ಮೂಲೆಯಲ್ಲಿ ಕಪ್ಪು ಬೀಜಗಳು ಸೇರಿಕೊಂಡಿದ್ದವು. ನೆನಪಿಗೆಂದು ಒಂದನ್ನೂ ಎತ್ತಿಟ್ಟುಕೊಳ್ಳದೆ ಎಲ್ಲವನ್ನೂ ಕುಂಡಕ್ಕೆ ಸುರಿದು, ಕಿಟಕಿಯ ಆಚೆ ಇಟ್ಟಳು.

ಚಳಿಗಾಲವಿಡೀ ಬರೀ ಮಣ್ಣು. “ಖಾಲಿ ಕುಂಡಕ್ಕೆ ಕಾವಲಾ?” ಎಂದು ಗಿರಾಕಿಗಳು ಕಾಲೆಳೆದರು. ಅವಳಿಗೆ ನಗು ಬರಲಿಲ್ಲ.

ಒಂದು ಬೆಳಗ್ಗೆ ರವಿಕೆಯ ತೋಳು ಅರ್ಧ ಹೊಲಿದಿರುವಾಗ ಕಣ್ಣು ಕಿಟಕಿಯತ್ತ ಹೋಯಿತು. ಕುಂಡದ ತುಂಬ ಹಸಿರು ಮೊಳಕೆಗಳು ತಲೆಯೆತ್ತಿದ್ದವು. ಅವಳು ಮಷಿನ್ ನಿಲ್ಲಿಸಿದಳು.

“ರೀ,” ಎಂದಳು ಖಾಲಿ ಕೋಣೆಗೆ, “ಈಗ ಹೇಳಿ, ಕೇಳಿಸ್ಕೋತೀನಿ.”