ಬಾಗಿಲಿನ ನೀಲಿ

ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ವೀರಬಸಪ್ಪ ಸಾಹುಕಾರರ ನೀಲಿ ಕಾರು ಶಿರಾಳಕೊಪ್ಪದ ನನ್ನ ಷೆಡ್ಡಿಗೆ ಬಂತು. ಅವರ ಹೆಂಡತಿ ತೀರಿಕೊಂಡ ಮೇಲೆ ಮಳೆಯಲ್ಲೇ ನಿಂತಿದ್ದ ಕಾರು. ಎಡಬಾಗಿಲಿನ ಕಿಟಕಿಯ ಕೆಳಗೆ ತುಕ್ಕು ತಿಂದಿತ್ತು.

ತುಕ್ಕು ಕೆರೆದು, ಕುಳಿ ಮುಚ್ಚುವ ಲಪ್ಪದ ಹಿಟ್ಟು ತುಂಬಿ, ನುಣ್ಣಗೆ ಉಜ್ಜಿದೆ. ತಲೆನೋವು ಬಣ್ಣದ್ದು. ಡಬ್ಬಿಯ ಹೊಸ ನೀಲಿ, ಬಿಸಿಲಿಗೆ ಮಾಸಿದ ಹಳೆಯ ನೀಲಿಯ ಪಕ್ಕ ತೇಪೆಯಂತೆ ಕಾಣುತ್ತಿತ್ತು. ಚೂರು ಬಿಳಿ, ಚೂರು ಕಪ್ಪು ಬೆರೆಸಿ, ತಗಡಿಗೆ ಬಳಿದು ಒಣಗಿಸಿ, ಬಾಗಿಲಿಗೆ ಹಿಡಿದು ನೋಡಿ, ಬೈದುಕೊಂಡು ಮತ್ತೆ ಬೆರೆಸಿದೆ. ಕೊನೆಗೂ ಕೂಡಿತು. ಬಳಿದು, ಅಂಚನ್ನು ಸುತ್ತಲಿನ ಬಣ್ಣದೊಳಗೆ ತೆಳುವಾಗಿ ಕರಗಿಸಿದೆ.

ಒಣಗಿದ ಮೇಲೆ ಸಾಹುಕಾರರನ್ನು ಕರೆದೆ. "ತುಕ್ಕು ಎಲ್ಲಿತ್ತು ತೋರಿಸ್ರಿ ನೋಡಾಣ! ನನಗೇ ಗೊತ್ತಾಗಂಗಿಲ್ಲ," ಎಂದೆ ಜಂಬದಿಂದ.

ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. ಬೆರಳು ನೇರ ಅಲ್ಲಿಗೇ ಹೋಯಿತು. ನನಗೆ ಮೈಯೆಲ್ಲ ಉರಿಯಿತು.

"ಅಲ್ಲೇನ್ರಿ ಕಾಣ್ತೈತಿ?"

"ಏನೂ ಇಲ್ಲಪ್ಪ, ಕೆಲಸ ಚಲೋ ಆಗೈತಿ. ನಮ್ಮನೆಯಾಕಿ ಕಿಟಕಿ ಮ್ಯಾಲೆ ಕೈ ಇಟ್ಕೊಂಡೇ ಕೂರ್ತಿದ್ಲು. ಬಳೆ ತಾಗಿ ತಾಗಿ ಇಲ್ಲಿ ಬಣ್ಣ ಹೋಗಿತ್ತು."

ನಾನು ಕೈ ಒರೆಸಿಕೊಂಡೆ. ಸಾಹುಕಾರರು ಕಾರು ಹತ್ತಿದರು. ಹೊರಡುವ ಮುಂಚೆ ಖಾಲಿ ಸೀಟಿನ ಮೇಲೆ ಬಾಗಿ, ಎಡಗಿಟಕಿಯ ಗಾಜನ್ನು ಪೂರ್ತಿ ಇಳಿಸಿದರು.