ಹುಟ್ಟದ ಕೂಸಿನ ಶಿವದಾರ

ಚಾಪೆಯ ಕಡ್ಡಿ ಎಲ್ಲೋ ಮಂಡಿಯ ಕೆಳಗೆ ಚುಚ್ಚುತ್ತಿದೆ, ಒಂಬತ್ತು ತಿಂಗಳ ಹೊಟ್ಟೆ ಹೊತ್ತವಳು ಬಗ್ಗಿ ನೋಡುವುದಾದರೂ ಹೇಗೆ, ಸರಿದು ಕೂರೋಣವೆಂದರೆ ಪಕ್ಕದಲ್ಲಿ ಕೆಂಪಾಜಮ್ಮ, ಅವಳ ತೊಡೆ ತನ್ನ ತೊಡೆಗೆ ತಾಗಿಕೊಂಡೇ ಇದೆ, ತಾಗಲಿ, ತಾಗಿದರೇನಂತೆ, ಈ ಪ್ರಾರ್ಥನೆಯ ಮನೆಯಲ್ಲಿ ಮೈಲಿಗೆ ಅನ್ನುವ ಮಾತೇ ಇಲ್ಲ ಅಂತ ಉಪದೇಶಿ ಸಣ್ಣಯ್ಯನವರು ಹತ್ತು ಸಲ ಹೇಳಿಕೊಟ್ಟಿದ್ದಾರೆ, ಮಂಗಳಮ್ಮನೂ ಹತ್ತು ಸಲ ತಲೆ ಅಲ್ಲಾಡಿಸಿದ್ದಾಳೆ, ಆದರೂ ಸೆರಗು ತಾನಾಗಿಯೇ ಒಂದು ಗೇಣು ಒಳಕ್ಕೆ ಸರಿದುಕೊಂಡಿತು, ಸೆರಗಿಗೆ ಯಾರು ಉಪದೇಶ ಮಾಡಬೇಕು — ಕೆಂಪಾಜಮ್ಮ ಅದನ್ನು ಕಂಡೂ ಕಾಣದವಳ ಹಾಗೆ ಪುಸ್ತಕದ ಹಾಳೆ ತಿರುವುತ್ತಿದ್ದಾಳೆ, ಪಾಪ, ಕೇರಿಯ ಹೆಣ್ಣು, ಮನೆಮನೆ ಸುತ್ತಿ ಹೆಂಗಸರಿಗೆ ಯೇಸುವಿನ ಕಥೆ ಓದಿ ಹೇಳುವವಳು, ಮೊದಲ ದಿನ ತನ್ನನ್ನು ಅವ್ವಾರೇ ಅಂತ ಕೂಗಿ ನಾಲಿಗೆ ಕಚ್ಚಿಕೊಂಡು ಅಕ್ಕಾ ಅಂದಿದ್ದಳು, ಅಕ್ಕಾ ಅನ್ನಿಸಿಕೊಂಡು ತನಗೂ ಏನೋ ಒಂಥರಾ ಆಗಿತ್ತು, ಸಿಟ್ಟೋ ಸಂತೋಷವೋ ಇವತ್ತಿಗೂ ಗೊತ್ತಿಲ್ಲ. ಕೈ ಹಣೆಗೆ ಹೋಗುತ್ತದೆ, ವಿಭೂತಿ ಇಲ್ಲ, ಬೆಳಗ್ಗೆಯಿಂದ ಇದು ಎಷ್ಟನೆಯ ಸಲವೋ, ಬೋಳು ಹಣೆ ಬೆವೆತಿದೆ, ಊರೆಲ್ಲ ನೋಡುವ ಹಾಗೆ ಬರಿಮೈಯಲ್ಲಿ ಕೂತಂತೆ. ಇವತ್ತು ಹೊಸಬರನ್ನು ಸಭೆಗೆ ತೋರಿಸುವ ಭಾನುವಾರ, ಹೆಸರು ಕೂಗುತ್ತಾರೆ, ಎದ್ದು ಮುಂದೆ ನಿಲ್ಲಬೇಕು, ಹಳೆಯದನ್ನೆಲ್ಲ ಬಿಟ್ಟಿರಾ ಅಂತ ಉಪದೇಶಿ ಕೇಳುತ್ತಾರೆ, ಬಿಟ್ಟು ಬಂದಿದ್ದೇನೆ ಅನ್ನಬೇಕು, ಆಮೇಲೆ ಎಲ್ಲರೂ ಬಂದು ಕೈ ಹಿಡಿದು ಬನ್ನಿ ಅನ್ನುತ್ತಾರೆ, ಇಷ್ಟೇ ಕಣಕ್ಕ, ಎದುರ್ಕಬೇಡಿ, ಅಂದಿದ್ದಳು ಕೆಂಪಾಜಮ್ಮ, ರಾಗಿ ಕೇರುತ್ತ ಕೇರುತ್ತ ಬಾಯಿಪಾಠ ಮಾಡಿದ ಮಾತು, ಬಿಟ್ಟು ಬಂದಿದ್ದೇನೆ, ಬಿಟ್ಟು ಬಂದಿದ್ದೇನೆ, ಮೊರದಲ್ಲಿ ಕಾಳಿನ ಜೊತೆ ಅದೂ ಹಾರಿ ಹಾರಿ ಬೀಳುತ್ತಿತ್ತು.

ಬಿಟ್ಟದ್ದು ನಿಜವೇ. ಹೊತ್ತು ಮೂಡುವಾಗ ಕಪಿಲೆಯಲ್ಲಿ, ಮೊಣಕಾಲುದ್ದದ ನೀರಲ್ಲಿ, ಗಂಡ ಶಿವಮಲ್ಲಪ್ಪ ತನ್ನ ಕೊರಳ ಲಿಂಗ ಬಿಚ್ಚಿ ಎಸೆದ, ಹಿಂದೆ ಮುಂದೆ ನೋಡಲಿಲ್ಲ, ಕೊಡಮ್ಮಿ ನಿಂದೂವೆ ಅಂದ, ಕೊಟ್ಟಳು, ಹುಟ್ಟಿದಂದಿನಿಂದ ಮೈಬಿಟ್ಟು ಅಗಲದಿದ್ದದ್ದು, ತವರಿಗೆ ಹೋದಾಗ ಬಂದಾಗ, ಜ್ವರದಲ್ಲಿ, ಹೆರಿಗೆಯಲ್ಲಿ, ಎಲ್ಲ ಕಂಡದ್ದು, ನೀರಿಗೆ ಬಿದ್ದಾಗ ಸದ್ದು ಕೂಡ ಸರಿಯಾಗಿ ಬರಲಿಲ್ಲ, ಇನ್ನೇನಾಗುತ್ತೋ ಅಂತ ಕಣ್ಣು ಮುಚ್ಚಿ ನಿಂತಳು, ಏನೂ ಆಗಲಿಲ್ಲ, ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವನು ಎಮ್ಮೆಯನ್ನು ಬೈಯುತ್ತಲೇ ಇದ್ದ. ಕೂಸಿಂದು? ಅಂತ ಗಂಡ ಕೇಳಿದ. ಅದ ಅತ್ತೇರೇ ಇಟ್ಕಂಡವ್ರೆ, ಅಂದುಬಿಟ್ಟಳು, ಎಷ್ಟು ಸಲೀಸಾಗಿ ಬಂತು ಸುಳ್ಳು, ಮೈಮೇಲಿನ ನೀರು ಇನ್ನೂ ಆರಿರಲಿಲ್ಲ. ಅದು ಇಲ್ಲೇ ಇದೆ, ರವಿಕೆಯ ಒಳಗೆ, ಹೊಟ್ಟೆಯ ಮೇಲಿನ ಮಡಿಕೆಗೆ ಒತ್ತಿಕೊಂಡು, ಒಳಗಿನದು ಹೊರಳಿದಾಗಲೆಲ್ಲ ಸಣ್ಣಗೆ ಅದುರುತ್ತದೆ — ಎಂಟು ತುಂಬಿದಾಗ ಅತ್ತೆ ಹಟ ಹಿಡಿದು ಕರೆಸಿದ ದೊಡ್ಡಸಿದ್ದಯ್ಯನವರು ಹೊಟ್ಟೆಯ ಕೂಸಿಗೆಂದು ಶಿವದಾರದಲ್ಲಿ ಕಟ್ಟಿದ ಲಿಂಗ, ಮನೆತನದ ಗುರುಗಳು, ಇದು ನಿಂದಲ್ಲ ಕಣವ್ವ, ಒಳಗಿರೋರ್ದು, ಅವರು ಬರೋಗಂಟ ನೀನು ಒತ್ಕಂಡಿರೋಳು ಅಷ್ಟೆ, ಅಂದರು. ತನ್ನದನ್ನು ತಾನು ಬಿಡಬಹುದು, ಗಂಡ ಹೇಳಿದ, ಬಿಟ್ಟಳು, ಸರಿಯೋ ತಪ್ಪೋ ಅದರ ಫಲ ತನಗೆ. ಇನ್ನೂ ಕಣ್ಣೇ ಬಿಡದವರದ್ದನ್ನು ಬಿಡುವುದಕ್ಕೆ ತಾನು ಯಾರು, ಹೊತ್ತವಳು, ಹೊತ್ತವಳಿಗೆ ಅಷ್ಟು ಹಕ್ಕಿದೆಯೇ, ಉಪದೇಶಿಗಳ ದೇವರನ್ನು ಕೇಳೋಣವೆಂದರೆ ಆ ದೇವರಿಗೆ ಲಿಂಗದ ಹೆಸರೆತ್ತಿದರೇ ಆಗುವುದಿಲ್ಲ, ದೊಡ್ಡಸಿದ್ದಯ್ಯನವರನ್ನು ಕೇಳೋಣವೆಂದರೆ ಇನ್ನು ಯಾವ ಮುಖ ಹೊತ್ತು, ಇಬ್ಬರ ನಡುವೆ ನಿಂತು ಯಾರನ್ನು ಕೂಗಲಿ, ಶಿವನೇ ಅನ್ನಲೋ ಕರ್ತನೇ ಅನ್ನಲೋ, ಬಾಯಿಗೆ ಮೊದಲು ಬರುವುದು ಶಿವನೇ ಅಂತಲೇ, ಈಗಲೂ ಬಂತು, ತುಟಿ ಕಚ್ಚಿಕೊಂಡಳು. ದೂರದಲ್ಲಿ ಮೈಸೂರಿನ ರೈಲು ಕೂಗುತ್ತಿದೆ.

ಯಾರೋ ನಕ್ಕರು. ನರಸೀಪುರದ ಕಡೆಯಿಂದ ಬಂದ ಬೆಟ್ಟಸ್ವಾಮಿ ಅನ್ನುವ ಮುದುಕನ ಹೆಸರು ಮೊದಲು ಕೂಗಿದ್ದಾರೆ, ಅವನು ವಸ್ತ್ರದ ಗಂಟು ಬಿಚ್ಚಿ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ ತೆಗೆದು ಮೇಜಿನ ಮುಂದೆ ಇಟ್ಟು ಅಡ್ಡಬಿದ್ದಿದ್ದಾನೆ, ಕಾಯಿ ಒಡ್ಸಿ ಕೊಡಿ ಸಾಮೀ ಅನ್ನುತ್ತಿದ್ದಾನೆ, ಸಣ್ಣಯ್ಯನವರು ಕಾಯಿ ಕೈಯಲ್ಲಿ ಹಿಡಿದು ಎಲ್ಲಿಡುವುದೆಂದು ತಿಳಿಯದೆ ಅತ್ತ ಇತ್ತ ನೋಡಿ ಕಿಟಕಿಯಲ್ಲಿಟ್ಟರು, ಮೈಸೂರಿನಿಂದ ಬಂದು ಕುರ್ಚಿಯಲ್ಲಿ ಕೂತಿರುವ ಪಾದ್ರಿ ದೊರೆಯೂ ಮೀಸೆಯೊಳಗೆ ನಕ್ಕ, ಒಳ್ಳೆಯವನೇ ಇರಬೇಕು, ಆದರೆ ಅವನ ಕಣ್ಣು ನೀಲಿ, ನೀಲಿ ಕಣ್ಣಿನವರಿಗೆ ಏನು ಕಾಣುತ್ತದೆ ಏನು ಕಾಣುವುದಿಲ್ಲ ಹೇಳಲಾಗದು. ಈಗ ಶಿವಮಲ್ಲಪ್ಪ. ಗಂಡಸರ ಕಡೆಯಿಂದ ಎದ್ದು ನಿಂತ, ಎಣ್ಣೆ ಹಚ್ಚಿ ಬಾಚಿದ ತಲೆ, ಮದುವೆಯ ದಿನವೂ ಇಷ್ಟು ನೆಟ್ಟಗೆ ನಿಂತಿರಲಿಲ್ಲ, ನಾನ್ಯಾಕೆ ಇಲ್ಲಿಗೆ ಬಂದೆ ಅಂತ ಏಳ್ತೀನಿ ಕೇಳಿ, ಪ್ಲೇಗಿನ ವರ್ಸ ನಮ್ಮ ಮಾದಪ್ಪ ಓದ, ಮೂರು ವರ್ಸದ ಮಗ, ನಾನು ಗೆಡ್ಡೆ ಎದ್ದು ಗ್ಯಾನ ಇಲ್ದೆ ಗುಡ್ಲಲ್ಲಿ ಬಿದ್ದಿದ್ದೆ, ಅಯ್ಯನೋರು ಬರ್ನಿಲ್ಲ, ಅಣ್ತಮ್ಮ ಬರ್ನಿಲ್ಲ, ಈ ಉಪದೇಸಿಗಳು ಬಂದ್ರು, ತಾವೇ ಗುಂಡಿ ತೋಡುದ್ರು, ನನ್ನ ಕೂಸ ಎತ್ಕಂಡೋದ್ರು, ಲಿಂಗ ಇಲ್ದೆ ಮಂತ್ರ ಇಲ್ದೆ ಬರೀ ಪ್ರಾರ್ಥನೆ ಏಳಿ ಮಣ್ಣು ಮಾಡುದ್ರು, ಅದ ಕೇಳಿದ ದಿನವೇ ನನ್ನ ಮನಸು ತಿರುಗ್ತು, ಅಷ್ಟಕ್ಕೇ ಸಾಕಾಗೋ ದೇವ್ರು ನನಗೂ ಸಾಕು ಅಂದ್ಕಂಡೆ, ಅಂದ. ದೊರೆ ಸಣ್ಣಯ್ಯನವರ ಕಡೆ ನೋಡಿ ಮೆಚ್ಚಿ ತಲೆದೂಗಿದ. ಸಣ್ಣಯ್ಯನವರು ನೆಲ ನೋಡುತ್ತಿದ್ದಾರೆ.

ಹಾಗಲ್ಲ, ಹಾಗೆ ನಡೆದೇ ಇಲ್ಲ ಅದು. ಯಾರಿಗೂ ಗೊತ್ತಿಲ್ಲ, ತನಗೆ ಗೊತ್ತು, ಸಣ್ಣಯ್ಯನವರಿಗೆ ಗೊತ್ತು. ಅವರು ಮಗುವನ್ನು ಹಳೆಯ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗುವಾಗ ಹಿಂದೆಯೇ ಓಡಿದ್ದಳು, ಬಿಸಿಲು, ಜಾಲಿ ಮುಳ್ಳು, ಮುಷ್ಟಿಯಲ್ಲಿ ಮಾದಪ್ಪನ ಕೊರಳ ಲಿಂಗ, ಇದ ಅವನ ಕೈಗಿಡದೆ ಮಣ್ಣಾಕಬ್ಯಾಡಿ, ನಿಮ್ಮ ಕಾಲಿಗೆ ಬೀಳ್ತೀನಿ, ಬರಿಗೈಲಿ ಕಳುಸ್ಬ್ಯಾಡಿ ನನ್ನ ಕೂಸ, ಅಂದಳು. ನಾನಿದ ಮುಟ್ಟಂಗಿಲ್ಲ ತಾಯಿ, ಅಂದರು. ಅವಳು ಗುಂಡಿಯ ಅಂಚಿನಲ್ಲೇ ಕೂತಳು. ಕೊನೆಗೆ ಅವರು ಕೈ ಚಾಚಿ ಅದನ್ನು ಇಸಿದುಕೊಂಡರು, ಗುಂಡಿಗಿಳಿದರು, ಲಿಂಗವಂತರ ಪದ್ಧತಿಯ ಹಾಗೆಯೇ ಕೂಸನ್ನು ಕೂರಿಸಿದರು, ಎಡ ಅಂಗೈಯಲ್ಲಿ ಲಿಂಗ ಇಟ್ಟು ಬೆರಳು ಒಂದೊಂದಾಗಿ ಮಡಚಿದರು, ಸೆಟೆದ ಬೆರಳು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ತೋರುಬೆರಳು, ಹೆಬ್ಬೆರಳು ಮಾತ್ರ ಮಡಚಿಕೊಳ್ಳಲಿಲ್ಲ, ಎರಡು ಸಲ ಒತ್ತಿದರು, ಮತ್ತೆ ಎದ್ದು ನಿಂತಿತು, ಹಾಗೇ ಬಿಟ್ಟು ಮೇಲಕ್ಕೆ ಬಂದು ಕಣ್ಣು ಮುಚ್ಚಿ ಅವರ ಪ್ರಾರ್ಥನೆ ಹೇಳಿದರು. ಇದ ಯಾರ್ಗೂ ಏಳ್ಬ್ಯಾಡ ತಾಯಿ, ನನ್ನ ಕೆಲಸ ಓಯ್ತದೆ, ಅಂದರು. ಅವಳು ಹೇಳಲಿಲ್ಲ. ಗಂಡ ಬದುಕಿ ಎದ್ದು ಕೇಳಿದಾಗಲೂ, ಉಪದೇಸಿಗಳು ಪ್ರಾರ್ಥನೆ ಮಾಡುದ್ರು ಅಂದಳು, ಅಷ್ಟೇ ಅಂದಳು, ಅದೇನು ಸುಳ್ಳಲ್ಲ, ಅವನೋ ಆ ಅಷ್ಟರ ಮೇಲೆಯೇ ಮನೆ ಕಟ್ಟಿಕೊಂಡ, ತಾಯಿಯನ್ನು ಬಿಟ್ಟ, ಊರು ಬಿಟ್ಟ, ಈಗ ಅಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾನೆ, ಎಲ್ಲರೂ ಸಾಲಾಗಿ ಬಂದು ಅವನ ಕೈ ಹಿಡಿಯುತ್ತಿದ್ದಾರೆ.

ಮಂಗಳಮ್ಮ. ಹೆಸರು ಕೂಗಿದ್ದು ಸಣ್ಣಯ್ಯನವರೇ, ದನಿ ಒಣಗಿದೆ. ಏಳಕ್ಕ, ಮೆಲ್ಲಗೆ, ಕೆಂಪಾಜಮ್ಮ ರಟ್ಟೆ ಹಿಡಿದು ಎಬ್ಬಿಸುತ್ತಾಳೆ, ಹೊಟ್ಟೆ ಮುಂದಕ್ಕೆ ಜಗ್ಗಿತು, ರವಿಕೆ ಎಳೆಯಿತು, ಶಿವದಾರ ಜಾರಿ ಹೊರಗೆ ಬಂದು ಜೋತಾಡುತ್ತಿದೆ, ಬಿಳಿ ಬಟ್ಟೆಯ ಸಣ್ಣ ಗಂಟು, ಎಲ್ಲರ ಕಣ್ಣೂ ಅದರ ಮೇಲೆ, ಕೆಂಪಾಜಮ್ಮ ತನ್ನ ಸೆರಗು ಅಡ್ಡ ಹಿಡಿಯಲು ನೋಡಿದಳು, ತಡವಾಗಿತ್ತು. ಅದೇನಮ್ಮಿ, ಅವ್ವನ ತಾವೈತೆ ಅಂದ್ಯಲ್ಲ, ಗಂಡನ ದನಿ, ಸಿಟ್ಟಲ್ಲ, ಅದಕ್ಕಿಂತ ಕೆಟ್ಟದ್ದು, ನಾಚಿಕೆ. ನಂದು ಬುಟ್ಟಿವ್ನಿ, ಇದು ನಂದಲ್ಲ, ಕೂಸಿಂದು, ಅಂದಳು, ತನ್ನ ದನಿ ಇಷ್ಟು ಗಟ್ಟಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. ದೊರೆ ಪುಸ್ತಕದ ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳಿದ, ಉಪದೇಶಿಯವರೇ, ಅದನ್ನು ತೆಗೆದುಕೊಳ್ಳಿರಿ. ಸಣ್ಣಯ್ಯನವರು ಬಂದರು, ಕೈ ಚಾಚಿದರು, ಕೊಡು ತಾಯಿ, ಕಣ್ಣಲ್ಲಿ ಕಣ್ಣಿಟ್ಟು ನೋಡಲಾರರು, ಚಾಚಿದ್ದು ಅದೇ ಕೈ. ಅವತ್ತು ನೀವೇ ಇಟ್ರಲ್ಲ — ನಾಲಿಗೆಯ ತುದಿಯಲ್ಲಿದೆ ಮಾತು, ಅಂದರೆ ಕೂಸಿನದು ಉಳಿದೀತು, ಇವರ ಅನ್ನ ಹೋಗುತ್ತದೆ, ಗಂಡ ಎರಡು ವರ್ಷ ನಂಬಿದ್ದು ಈ ನೆಲದ ಮೇಲೆಯೇ ಒಡೆದು ಬೀಳುತ್ತದೆ, ಅನ್ನದಿದ್ದರೆ, ಅನ್ನದೆ ಕೊಟ್ಟರೆ, ನಾಳೆ ಇದಕ್ಕೂ ಏನಾದರೂ ಆದರೆ, ಇದರ ಕೈಗೆ ಏನಿಡುವುದು, ಯಾರಿಡುತ್ತಾರೆ, ಇವರು ಇನ್ನೊಂದು ಸಲ ಇಳಿಯುತ್ತಾರೆಯೇ ಗುಂಡಿಗೆ, ತಲೆಯ ಮೇಲಿಂದ ದಾರ ತೆಗೆದಳು, ತೆಗೆದದ್ದು ತಾನೇನಾ, ಗಂಟು ಮುಷ್ಟಿಯಲ್ಲಿದೆ, ಬೆಚ್ಚಗಿದೆ, ಕೊಡಲೆಂದೇ ಕೈ ಚಾಚಿದ್ದಾಳೆ, ಅವರ ಅಂಗೈಯ ಮೇಲೆಯೇ ಇದೆ ಮುಷ್ಟಿ, ಬಿಡಬೇಕು, ಬೆರಳು ಬಿಚ್ಚಬೇಕು, ಬಿಟ್ಟು ಬಂದಿದ್ದೇನೆ ಅನ್ನಬೇಕು, ಬಿಟ್ಟು, ಒಳಗಿನದು ಒದೆಯಿತು, ಕೊಡು ತಾಯಿ, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಗುಂಡಿಯೊಳಗೆ ಬಿಸಿಲು ಬಿದ್ದಿದೆ, ಮಣ್ಣು ಹತ್ತಿದ ಪುಟ್ಟ ಹೆಬ್ಬೆರಳು, ಒತ್ತುತ್ತಾರೆ, ಮಡಚಿಕೊಳ್ಳುವುದಿಲ್ಲ, ಮತ್ತೆ ಒತ್ತುತ್ತಾರೆ, ಹೆಬ್ಬೆರಳು, ಎದ್ದು ನಿಂತ ಹೆಬ್ಬೆರಳು, ಆ ಹೆಬ್ಬೆರಳು —